ಡೈರಿಯಲ್ಲಿ ನಾನ್

ಆಟೋದವರಿಗೆ ಪುಲಿಕೇಶಿನಗರ ಎಂದರೆ ಹಿಂದಿರುಗಿ ನೋಡಿ, "ಫ್ರೇಜರ್ ಟೌನಾ ಸಾರ್?" ಎನ್ನುತ್ತಾರೆ. ಹೆಸರು ಬದಲಾದದ್ದು 1988ರಲ್ಲಿ. ಬೋರ್ಡಿನಲ್ಲೊಂದು, ಬಾಯಲ್ಲೊಂದು. ಇಂಥ ಊರಲ್ಲಿ ಕೂತು ದಿನಾ ಡೈರಿಯಲ್ಲಿ ನಿಜ ಬರೆಯಿರಿ ಎಂದರೆ ಹೇಗೆ?

ಹೇಳಿದವಳು ಮಗಳು. ನಾನು ರಿಟೈರಾದ ದಿನ ದಪ್ಪ ರಟ್ಟಿನ ನೋಟ್‌ಬುಕ್ ಕೈಗಿಟ್ಟು, "ದಿನಾ ಹತ್ತು ನಿಮಿಷ ಅಪ್ಪಾ, ಮನಸ್ಸಿಗೆ ಬಂದದ್ದು ಬರಿ. ಜರ್ನಲಿಂಗ್ ಅಂತಾರೆ" ಎಂದಳು. ನಾವು ಡೈರಿ ಅಂತಿದ್ವಿ ಎಂದೆ. "ಅದು ಬೇರೆ. ಇದು ಮೈಂಡ್‌ಫುಲ್." ಇರಬಹುದು. ನಮ್ಮ ಡೈರಿಗಳು ವಿಮೆ ಏಜೆಂಟರಿಂದ ಬಿಟ್ಟಿ ಬರುತ್ತಿದ್ದವು; ಜನವರಿ 7ರವರೆಗೆ ಆತ್ಮಕಥೆ, ಆಮೇಲೆ ದೋಬಿ ಲೆಕ್ಕ.

ಬೆಳಿಗ್ಗೆ ಕೋಲ್ಸ್ ಪಾರ್ಕಿನ ಬೆಂಚಿನ ಮೇಲೆ ಕೂತೆ. ತಾರೀಖು ಹಾಕಿದೆ. ವಾರ ಬರೆದೆ. ಮನಸ್ಸಿಗೆ ಬಂದದ್ದು ಒಂದೇ: ನೀರಿನ ಮೋಟರ್ ಆಫ್ ಮಾಡಿದೆನೋ ಇಲ್ಲವೋ. ಅಷ್ಟರಲ್ಲಿ ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ನಿಂತು, "ಸರ್ವೆಗೆ ಬಂದಿದೀರಾ? ಬೀದಿನಾಯಿ ಕಾಟ ಜಾಸ್ತಿ, ಬರ್ಕೊಳ್ಳಿ" ಎಂದರು. ಬರೆದುಕೊಂಡೆ. ನೋಡುತ್ತ ನೋಡುತ್ತ ಇನ್ನೂ ಮೂವರು ಸಾಲಿನಲ್ಲಿ ನಿಂತರು. ಒಬ್ಬರಂತೂ ಅಳಿಯನ ಮೇಲೆ ದೂರು ಕೊಟ್ಟರು. ಇಡೀ ಪುಸ್ತಕದಲ್ಲಿ ಒಂದಿಷ್ಟು ಹುರುಳಿರುವ ಪುಟ ಅದೊಂದೇ. ಮನೆಗೆ ಬಂದಾಗ ಟ್ಯಾಂಕಿನ ನೀರು ಗೇಟು ದಾಟಿತ್ತು.

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಇಮ್ಮಡಿ ಪುಲಿಕೇಶಿ ಈ ವಿಷಯದಲ್ಲಿ ಜಾಣ. ತಾನು ಬರೆಯಲು ಹೋಗಲಿಲ್ಲ, ಅದನ್ನು ಕವಿ ರವಿಕೀರ್ತಿಗೆ ಬಿಟ್ಟ. ಐಹೊಳೆಯ ಮೇಗುತಿ ಬಸದಿಯ ಕಲ್ಲಿನ ಮೇಲೆ ತಾರೀಖೂ ಇದೆ: ಭಾರತ ಯುದ್ಧವಾಗಿ 3735 ವರ್ಷ, ಶಕ 556, ಅಂದರೆ ಕ್ರಿ.ಶ. 634. ಹರ್ಷವರ್ಧನ ಸೋತದ್ದನ್ನು ಹೇಳುವಾಗ ಅವನ ಹೆಸರಿನ ಮೇಲೇ ಒಂದು ಶ್ಲೇಷೆ ಹಾಕಿ, ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಯರ ಪಕ್ಕ ಕೂರಿಸಿಕೊಂಡಿದ್ದಾನೆ ಆ ಪುಣ್ಯಾತ್ಮ. ಆದರೆ ಯುದ್ಧಕ್ಕೆ ಮೊದಲು ಪುಲಿಕೇಶಿಯ ಕಡೆಯವರು ಆನೆಗಳಿಗೂ ಹೆಂಡ ಕುಡಿಸುತ್ತಿದ್ದರು ಎಂಬ ಸಂಗತಿ ನಮಗೆ ತಿಳಿದದ್ದು ಚೀನಾದಿಂದ ಬಂದ ಹ್ಯುಯೆನ್ ತ್ಸಾಂಗ್‌ನಿಂದ. ತಿಂದದ್ದು ಕುಡಿದದ್ದನ್ನು ಬೇರೆಯವರೇ ಬರೆಯಬೇಕು.

ಇದು ತಿಳಿದಿದ್ದೂ ನಾನು ಕೆಟ್ಟೆ. ರಂಜಾನ್ ತಿಂಗಳು, ಸಂಜೆಯಾದರೆ ಮಾಸ್ಕ್ ರೋಡಿನ ತುಂಬ ಹೊಗೆ, ಬೆಳಕು, ಜನ. ನನಗೆ ಸಕ್ಕರೆ ಕಾಯಿಲೆ. ಬೇಕರಿಯಿಂದ ಬಿಸಿಬಿಸಿ ಬಂದದ್ದನ್ನು ಅಲ್ಲೇ ಸ್ಕೂಟರಿಗೆ ಒರಗಿ ನಿಂತು ತಿಂದೆ; ಒಳಗಿನ ಖೋವಾ ಬೆರಳಿಗೆ ಅಂಟಿತ್ತು, ಅದನ್ನೂ ಬಿಡಲಿಲ್ಲ. ರಾತ್ರಿ ಮಗಳ ಮಾತು ನೆನಪಾಗಿ, ಪ್ರಾಮಾಣಿಕವಾಗಿ ಎರಡೇ ಪದ ಬರೆದು ಮಲಗಿದೆ.

"ರೀ, ಏನಿದು ಖೋವಾ ನಾನ್?" ಬೆಳಿಗ್ಗೆ ಕಾಫಿ ಲೋಟದ ಜೊತೆ ನೋಟ್‌ಬುಕ್ಕೂ ಬಂತು.

ದಂಡು ಪ್ರದೇಶದಲ್ಲಿ ಮೂವತ್ತು ವರ್ಷ ಕಳೆದವನಿಗೆ ಅಷ್ಟು ತಮಿಳು ಬಾರದೆ? "ಅಯ್ಯೋ, ತಮಿಳು ಕಣೇ ಅದು. ಕೋವಂ ಅಂದ್ರೆ ಕೋಪ, ನಾನ್ ಅಂದ್ರೆ ನಾನು. ನಿನ್ನೆ ಯಾಕೋ ಸಿಟ್ಟು ಬಂದಿತ್ತು."

"ಹಲಸೂರಲ್ಲಿ ಹುಟ್ಟಿ ಬೆಳೆದವಳಿಗೆ ತಮಿಳು ಹೇಳ್ಕೊಡ್ತೀರಾ?"

ಸೀದಾ ಅಡುಗೆಮನೆಗೆ ನಡೆದಳು. ಅಲ್ಲಿ ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರು. 1921ರಿಂದ ಬರುತ್ತಿರುವ ಅದನ್ನು ನಾನು ಸರ್ಕಾರಿ ರಜೆ ನೋಡಲಿಕ್ಕೆ ಮಾತ್ರ ಬಳಸಿದವನು. ಇವಳ ಕೈಯಲ್ಲಿ ಒಂದೊಂದು ಮನೆಯೂ ಕಿಕ್ಕಿರಿದಿತ್ತು. "ಹಾಲು ½." "ಗ್ಯಾಸ್ ಬಂತು." "ಅತ್ತೆ ತಿಥಿ." "ಕರೆಂಟ್ ಇಲ್ಲ 3 ಗಂಟೆ." ನಾನು ಪಾರ್ಕಿಗೆ ಹೋದ ದಿನ: "ಇವರು ಡೈರಿ. ಟ್ಯಾಂಕ್ ತುಂಬಿ ಹರೀತು." ದಿನಕ್ಕೆ ಹತ್ತು ಸೆಕೆಂಡೂ ಹಿಡಿಯದ ಬರವಣಿಗೆ; ಕಾಳಿದಾಸನ ಪಕ್ಕ ಕೂರುವ ಹಂಬಲವೂ ಇಲ್ಲ.

ಅವಳ ಬೆರಳು ನಿನ್ನೆಯ ಮನೆಯ ಮೇಲೆ ನಿಂತಿತು. ಪೆನ್ಸಿಲಿನಲ್ಲಿ ಬರೆದಿತ್ತು: "ಇವರು ರಾತ್ರಿ ಊಟ ಬೇಡ ಅಂದ್ರು."

ಬೆರಳು ಅಲ್ಲಿಂದ ಹಿಂದಕ್ಕೆ ಹೊರಟಿತು. ಊಟ ಬೇಡ. ಊಟ ಬೇಡ. ಬರೀ ಮಜ್ಜಿಗೆ. ಊಟ ಬೇಡ.

"ಹನ್ನೊಂದು" ಎಂದಳು.

ನನ್ನ ಡೈರಿಯಲ್ಲಿದ್ದದ್ದು ಒಂದೇ.