ಮನೆಗೆ ಚಕ್ರ, ಬೀಗರಿಗೆ ಬ್ರೇಕಿಲ್ಲ

ನಮ್ಮ ಮನೆಗೆ ಚಕ್ರ ಇಲ್ಲ. ಆದರೂ ಅದು ಕದಲದೆ ತಿರುಗಿದಷ್ಟು ಯಾವ ಗಾಡಿಯೂ ತಿರುಗಿಲ್ಲ. ಅಜ್ಜ ಕಟ್ಟಿಸಿದಾಗ ಅದು ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಆಂಧ್ರಪ್ರದೇಶಕ್ಕೆ ಹೋಯಿತು. 2014ರ ಜೂನ್ 2ಕ್ಕೆ ತೆಲಂಗಾಣ ಸೇರಿತು. ಮಹಬೂಬ್‌ನಗರ ಜಿಲ್ಲೆ ಅಂತ ಬರೆದು ಬರೆದು ಕೈ ಕೂತ ಮೇಲೆ, 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆಯೇ ಜಿಲ್ಲೆಯಾಯಿತು. ಊರಿನ ಹೆಸರು ಹೊತ್ತು ಬಹುಕಾಲ ನಿಂತಿದ್ದ ‘ನಾರಾಯಣಪೇಟ್ ರೋಡ್’ ಸ್ಟೇಷನ್ನು ಮಾತ್ರ ಗಡಿಯಾಚೆ ಕರ್ನಾಟಕದ ಸೈದಾಪುರದಲ್ಲಿ ಉಳಿಯಿತು. ಗದ್ವಾಲದ ಬೀಗರದ್ದು ಇನ್ನೂ ದೊಡ್ಡ ಪ್ರಯಾಣ. ಗದ್ವಾಲ, ಆಲಂಪುರ ಎರಡೂ ತಾಲ್ಲೂಕುಗಳು 1956ರ ಆ ದಿನದವರೆಗೆ ರಾಯಚೂರು ಜಿಲ್ಲೆಯವು. ಹಿಂದಿನ ರಾತ್ರಿ ರಾಯಚೂರಿನವರಾಗಿ ಮಲಗಿ ಬೆಳಗ್ಗೆ ಮಹಬೂಬ್‌ನಗರದವರಾಗಿ ಎದ್ದರು. ಹೊರನಾಡ ಕನ್ನಡಿಗರು ಅಂದರೆ ದುಬೈ, ಡಲ್ಲಾಸ್ ಅಂದುಕೊಳ್ಳುವವರಿಗೆ ಗೊತ್ತಿರಲಿ: ಪಾಸ್‌ಪೋರ್ಟ್ ಇಲ್ಲದೆ, ಕಟ್ಟೆಯಿಂದ ಇಳಿಯದೆ ಹೊರನಾಡಿಗೆ ಹೋದವರೂ ಇದ್ದಾರೆ.

ಡಲ್ಲಾಸ್‌ಗೆ ನಿಜವಾಗಿ ಹೋದವನು ಅಣ್ಣನ ಮಗ. ಅಲ್ಲಿ ರಜೆ ಬಂದಾಗಲೆಲ್ಲ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಮರುಭೂಮಿ, ಬೆಟ್ಟ ಸುತ್ತಿದವನು. ಈ ಸಲ ಊರಿಗೆ ಬರುವಾಗ ಬೆಂಗಳೂರಿನಲ್ಲಿ ಅಂಥದ್ದೇ ಒಂದನ್ನು ಗೊತ್ತುಮಾಡಿಕೊಂಡು ಬಂದ. ಟೆಂಪೊ ಗಾಡಿಯ ಹೊಟ್ಟೆಯೊಳಗೆ ಹಾಸಿಗೆ, ಒಲೆ, ಫ್ರಿಜ್, ಬಚ್ಚಲು, ಸಂಡಾಸು. ಮೈಸೂರಿನ ಸೊಸೆ ಸ್ಟಿಯರಿಂಗ್ ಹಿಡಿದಿದ್ದಳು. ಓಣಿಗೆ ಓಣಿಯೇ ನೋಡಲು ನೆರೆಯಿತು. ಮಕ್ತಲ್, ಜುರಾಲಾ, ಗದ್ವಾಲ ದಾಟಿ ಎರ್ರವಲ್ಲಿ ಚೌರಸ್ತಾದಲ್ಲಿ ಬಲಕ್ಕೆ ಹೊರಳಿದರೆ 44ನೇ ರಾಷ್ಟ್ರೀಯ ಹೆದ್ದಾರಿ. ಅದೊಂದನ್ನೇ ಹಿಡಿದು ಕನ್ಯಾಕುಮಾರಿ ಮುಟ್ಟುವುದು ಅವನ ಯೋಜನೆ. ಮೊದಲ ರಾತ್ರಿ ಅನಂತಪುರ. ಅವ್ವ, ಅಣ್ಣ, ವೈನಿ, ನಾನು ಎಲ್ಲರೂ ಹತ್ತಬೇಕು ಅಂದ.

ಮೊದಲ ಜಗಳ ಸಾಮಾನಿನದು. ವೈನಿಗೆ ಗಾಡಿಯಲ್ಲಿ ಕಂಡದ್ದು ಹನ್ನೆರಡು ಕಪಾಟು. ಕಪಾಟು ಖಾಲಿ ಇದ್ದರೆ ಅವರ ಜೀವ ತಡೆಯುವುದಿಲ್ಲ. ಜೋಳದ ಹಿಟ್ಟು, ತೊಗರಿಬೇಳೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಪ್ಪಿನಕಾಯಿ ಭರಣಿ, ದಾರಿಯಲ್ಲಿ ಸಿಗುವ ಬೀಗರಿಗೆಲ್ಲ ಒಂದೊಂದು ನಾರಾಯಣಪೇಟೆ ಸೀರೆ. ಹುಡುಗ ಹೇಳಿದ ಮಾತು ನನಗೆ ಹಿಡಿಸಿತು: ಗಾಡಿಯಲ್ಲಿ ಜಾಗ ಇದೆ ಅಂದರೆ ತೂಕ ತಾಳುತ್ತದೆ ಅಂತ ಅರ್ಥವಲ್ಲ. ನೀರಿನ ಟಾಕಿ ಇನ್ನೂರು ಲೀಟರಿನದಾದರೆ ತುಂಬಿದ ಕೂಡಲೇ ಇನ್ನೂರು ಕಿಲೊ ಹತ್ತಿತು. ಮಂದಿ ಹತ್ತುವ ಮೊದಲೇ, ಅದೂ ಮೂರು ಆಳಿನ ತೂಕ! ಭಾರದ ಸಾಮಾನು ಕೆಳಗೆ, ಎರಡು ಅಚ್ಚುಗಳ ನಡುವೆ ಇರಬೇಕು. ಹಿಂದಿನ ಚಕ್ರದಾಚೆ ಬಾಲದಲ್ಲಿ ಜೋಳದ ಚೀಲ ಹಾಕಿದರೆ ಮೂತಿ ಮೇಲೇಳುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ, ಮುಂದಿನ ಚಕ್ರದ ಹಿಡಿತ ಹೋಗುತ್ತದೆ. ಊರು ಬಿಡುವ ಮೊದಲು ಧರಂಕಾಟಾಕ್ಕೆ ಒಯ್ದು ಮೊದಲು ಮುಂದಿನ ಚಕ್ರಗಳನ್ನಷ್ಟೇ ಏರಿಸಿ ತೂಗಿದ. ಆಮೇಲೆ ಇಡೀ ಗಾಡಿ. ಒಂದರಿಂದ ಇನ್ನೊಂದು ಕಳೆದರೆ ಹಿಂದಿನ ಅಚ್ಚಿನ ಭಾರ. ಆರ್‌ಸಿಯಲ್ಲಿ ಬರೆದ ಮಿತಿಯ ಜೊತೆ ಹಿಡಿದು ನೋಡಿದ. ಹತ್ತಿಯ ಲಾರಿಗಳ ಸಾಲಿನಲ್ಲಿ ನಮ್ಮ ಮನೆ ನಿಂತಿತ್ತು. ಕಾಟಾದವನು ಚೀಟಿಯ ಮೇಲೆ ಸರಕು ಯಾವುದು ಅಂತ ಬರೆಯಬೇಕಲ್ಲ? ಅಣ್ಣನನ್ನು, ವೈನಿಯನ್ನು, ಅವ್ವನನ್ನು ಒಮ್ಮೆ ನೋಡಿ ‘ಇತರೆ’ ಅಂತ ಬರೆದ.

ಮಿತಿಗಿಂತ ಹೆಚ್ಚಾಗಿತ್ತು. ಟಾಕಿಯ ಅರ್ಧ ನೀರು ಬಿಡುವುದೋ, ಜೋಳದ ಹಿಟ್ಟು ಇಳಿಸುವುದೋ ಅಂತ ಚರ್ಚೆಯಾಗಿ ನೀರು ಇಳಿಯಿತು. ನೀರು ಎಲ್ಲಿ ಬೇಕಾದರೂ ಸಿಕ್ಕೀತು, ನಮ್ಮ ಹಿಟ್ಟು ಸಿಗುತ್ತದೆಯೆ ಅನ್ನುವುದು ವೈನಿಯ ವಾದ. ಇದನ್ನು ಯಾವ ಮೋಟರ್‌ಹೋಮ್ ಕೈಪಿಡಿಯೂ ಅಲ್ಲಗಳೆಯಲಾರದು. ಹೊರಡುವಾಗ ಟಾಕಿ ತುಂಬಿಸದೆ, ತಂಗುವ ಜಾಗದ ಹತ್ತಿರ ತುಂಬಿಸುವುದೇ ಬುದ್ಧಿವಂತರ ಪದ್ಧತಿ.

ಹೊರಟಿದ್ದು ಹನ್ನೊಂದಕ್ಕೆ. ಅವ್ವ ಹಾಸಿಗೆಯ ಮೇಲೆ ಮಲಗಿಯೇ ಬರುತ್ತೇನೆ ಅಂದಳು. ಗಾಡಿ ಓಡುವಾಗ ಹಾಸಿಗೆಯಲ್ಲಿ ಯಾರೂ ಇರಕೂಡದು, ಬೆಲ್ಟ್ ಇರುವ ಸೀಟು ಎಷ್ಟೋ ಅಷ್ಟೇ ಜನ ಅಂತ ಮೊಮ್ಮಗ ಹೇಳಿದ. “ಹಂಗಾದ್ರ ಹಾಸಿಗಿ ಯಾಕ ತಂದಿ?” ಅಂತ ಅವ್ವ. ಆಕೆಗೆ ಬೆಲ್ಟ್ ಕಟ್ಟುವಷ್ಟರಲ್ಲಿ ಮಕ್ತಲ್ ಬಂದೇಬಿಟ್ಟಿತು ಅನ್ನಬೇಕು.

ಮಕ್ತಲ್‌ನಲ್ಲಿ ಪಡಮಟಿ ಆಂಜನೇಯನಿಗೆ ಕೈಮುಗಿಯದೆ ಯಾವ ಗಾಡಿಯೂ ನಮ್ಮ ಕುಟುಂಬದಲ್ಲಿ ಮುಂದೆ ಹೋಗಿಲ್ಲ. ಚಕ್ರಕ್ಕೊಂದು ನಿಂಬೆಹಣ್ಣು ಅಂತ ಅಣ್ಣ ನಾಲ್ಕು ತಂದಿದ್ದ. ಹಿಂದೆ ಜೋಡಿ ಟಯರು, ಒಟ್ಟು ಆರು. ಮತ್ತೆರಡು ತರಲು ಓಡಿದ. ನಾನು ನಂಬಿಕೆ ಇದ್ದವರಿಗೂ ಇಲ್ಲದವರಿಗೂ ಈ ಪದ್ಧತಿಯನ್ನು ಶಿಫಾರಸು ಮಾಡುತ್ತೇನೆ. ನಿಂಬೆಹಣ್ಣಿಡಲು ಬಗ್ಗಿದಾಗ ಮಾತ್ರ ಮನುಷ್ಯ ಟಯರನ್ನು ಮೂಗಿನ ಹತ್ತಿರದಿಂದ ನೋಡುತ್ತಾನೆ. ಜೋಡಿ ಟಯರಿನ ಸಂದಿಯಲ್ಲಿ ಸಿಕ್ಕಿದ್ದ ಕಲ್ಲು ಹಾಗೆಯೇ ಕಂಡಿತು. ತೆಗೆಯದೆ ಹೋಗಿದ್ದರೆ ಎರಡರ ಗೋಡೆಯನ್ನೂ ಕೊರೆಯುತ್ತಿತ್ತು. ಒಳಗಿನ ಟಯರಿನ ಗಾಳಿ ಇಳಿದರೂ ಹೊರಗಿನದು ಭಾರ ಹೊತ್ತುಕೊಂಡು ಸುಮ್ಮನಿರುತ್ತದೆ, ಬಿಸಿಯಾಗಿ ಸಿಡಿಯುವವರೆಗೆ. ಬಾಡಿಗೆಯ ಮನೆಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹಲ್ಲು ಹೊಸದರಂತೆ ಕಂಡರೂ ರಬ್ಬರು ಮುದಿಯಾಗಿರುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ನೇ ಇಸವಿಯ 23ನೇ ವಾರ ಹುಟ್ಟಿದ್ದು. ಜಾತಕ ನೋಡದೆ ಹೆಣ್ಣು ಕೊಡದ ಜನ ಇದನ್ನು ನೋಡದೆ ಗಾಡಿ ಹತ್ತುತ್ತಾರೆ. ಗಾಳಿಯನ್ನು ಬೆಳಗಿನ ತಂಪಿನಲ್ಲೇ ಅಳೆಸಬೇಕು. ನಮ್ಮ ಕಡೆ ಮೇ ತಿಂಗಳಲ್ಲಿ ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ ಟಯರು ಕಾದು ಒತ್ತಡ ಏರಿದ್ದು ಕಂಡು ಗಾಳಿ ಬಿಟ್ಟರೆ, ತಂಪಾದ ಮೇಲೆ ಕಡಿಮೆ ಗಾಳಿಯಲ್ಲಿ ಓಡುತ್ತೀರಿ. ಅದೇ ಟಯರನ್ನು ಇನ್ನಷ್ಟು ಕಾಯಿಸುತ್ತದೆ.

ಗುಡಿಯ ಮುಂದೆಯೇ ಸಿಕ್ಕಿಬಿದ್ದೆವು. ವೈನಿಯ ಕಾಕಾನ ಮಗ ಹೂವಿನಂಗಡಿಯ ಹತ್ತಿರ ನಿಂತಿದ್ದ.

“ಏನ್ರಿ, ಊರಾಗ ಬಂದು ಮನಿಗಿ ಬರಲಾರದ ಹೊಂಟೀರಿ?”

“ಅನಂತಪುರ ಮುಟ್ಟಬೇಕು ಮಾಮಾ.”

“ಮುಟ್ಟೀರಂತ. ಚಹಾ ಕುಡ್ಯಾಕ ಎಷ್ಟೊತ್ತು?”

ಚಹಾ ಅಂದರೆ ಮಂಡಾಳ ವಗ್ಗರಣೆ, ಮಿರ್ಚಿ ಭಜಿ, ಆಮೇಲೆ ಊಟ. ಊಟ ಅಂದರೆ ಸಂಜೆ. ಸಂಜೆಯಾಯಿತು ಅಂದರೆ “ಕತ್ತಲ್ಯಾಗ ಎಲ್ಲಿಗಿ ಹೋಗ್ತೀರಿ?” ನಾವು ಗಾಡಿಯಲ್ಲೇ ಮಲಗುತ್ತೇವೆ ಅಂತ ಹುಡುಗ ಹೇಳಿದ್ದೇ ತಡ, ಮನೆಯೊಡತಿಯ ಮುಖ ಸಣ್ಣದಾಯಿತು. “ಬಾಗ್ಲಾಗ ಬಂದು ಗಾಡ್ಯಾಗ ಮಕ್ಕೋತೀರೇನು? ನಮ್ಮ ಮನಿ ಏನು ಬಿದ್ದದೇನು? ಮಂದಿ ಏನಂದಾರು?” ಅಮೆರಿಕದ ಮರುಭೂಮಿಯಲ್ಲಿ ನೂರು ಮೈಲಿಗೆ ಒಂದು ದೀಪ ಕಾಣದಂತೆ, ಅಂಥ ಕಡೆಗೆ ಕಂಡುಹಿಡಿದ ವಾಹನವಿದು. ಹತ್ತು ಕಿಲೋಮೀಟರಿಗೆ ಒಬ್ಬ ಬೀಗ ಇರುವ ಸೀಮೆಯಲ್ಲಿ ಇದರಲ್ಲಿ ಮಲಗುವುದು ಬಹಿರಂಗ ಅವಮಾನ. ಕೊನೆಗೆ ಹಿರಿಯರು ಮನೆಯಲ್ಲಿ, ಹುಡುಗ, ಸೊಸೆ, ಅವರ ಮಕ್ಕಳು ಗಾಡಿಯಲ್ಲಿ ಅಂತ ಒಪ್ಪಂದವಾಯಿತು.

ಗಾಡಿಯನ್ನು ಸಂದಿಯೊಳಗೆ ಹಿಂದಕ್ಕೆ ತರುವ ಕೆಲಸಕ್ಕೆ ಓಣಿ ಇಡೀ ಬಂತು. ಒಬ್ಬ “ರಾನೀ ರಾನೀ” ಅಂದ, ಇನ್ನೊಬ್ಬ “ಬರ್ಲಿ ಬರ್ಲಿ” ಅಂದ, ಮೂರನೆಯವ “ಆನೇ ದೋ” ಅಂದ. ಗಡಿನಾಡಿನ ಭಾಷಾ ಸೌಹಾರ್ದ ಇದಕ್ಕಿಂತ ಚೆನ್ನಾಗಿ ಎಲ್ಲೂ ಕಾಣಿಸಲಿಕ್ಕಿಲ್ಲ. ನಿಲ್ಲಿಸು ಅನ್ನುವುದನ್ನು ಮಾತ್ರ ಮೂರು ಭಾಷೆಯಲ್ಲೂ ಯಾರೂ ಹೇಳಲಿಲ್ಲ. ಸೊಸೆ ಇಳಿದು ಬಂದು, ಎಲ್ಲರನ್ನೂ ಕಟ್ಟೆಗೆ ಕಳಿಸಿ, ಒಬ್ಬ ಹುಡುಗನನ್ನು ತನ್ನ ಕನ್ನಡಿಯಲ್ಲಿ ಕಾಣುವ ಕಡೆ ನಿಲ್ಲಿಸಿಕೊಂಡಳು. ನೀನು ಕನ್ನಡಿಯಲ್ಲಿ ಕಾಣದಿದ್ದರೆ ಗಾಡಿ ನಿಂತಿತು ಅಂತ ತಿಳಿ ಅಂದಳು. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಕಣ್ಣೆದುರು ಅಂಟಿಸಿಕೊಂಡಿದ್ದಳು. ನಮ್ಮ ಓಣಿಗಳಲ್ಲಿ ಕರೆಂಟಿನ ವೈರು, ಮದುವೆ ಶಾಮಿಯಾನ ಎರಡೂ ಹೇಳಿ ಬರುವುದಿಲ್ಲ.

ಬೆಳಗ್ಗೆ ವೈನಿ ಗಾಡಿಯಲ್ಲೇ ಅಡುಗೆ ಮಾಡಿ ತೋರಿಸುವ ಹುಮ್ಮಸ್ಸಿನಲ್ಲಿದ್ದರು. ಚಟ್ನಿಗೆ ಮಿಕ್ಸರ್ ಹಾಕಿದರು. ಗರ್ ಅಂತ ಒಂದು ಸುತ್ತು ತಿರುಗಿ ಗಾಡಿಯೇ ಕತ್ತಲಾಯಿತು. ಎಂಜಿನ್ ಬ್ಯಾಟರಿ ಬೇರೆ, ಮನೆಯ ಬ್ಯಾಟರಿ ಬೇರೆ. ಹಾಗಾಗಿ ಗಾಡಿ ಸ್ಟಾರ್ಟ್ ಆಗುವುದಕ್ಕೇನೂ ಅಡ್ಡಿಯಿಲ್ಲ. ಆದರೆ 750 ವಾಟ್‌ನ ಮಿಕ್ಸರ್ 12 ವೋಲ್ಟ್ ಬ್ಯಾಟರಿಯಿಂದ ಅರವತ್ತಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಬಳಸಿ ನಿಲ್ಲಿಸಬೇಕು, ಬುಡದವರೆಗೆ ಹೀರಿದರೆ ಬೇಗ ಸಾಯುತ್ತದೆ. ರಾತ್ರಿಯೆಲ್ಲ ಫ್ಯಾನು ತಿರುಗಿಸಿ ಬೆಳಗ್ಗೆ ಚಟ್ನಿ ರುಬ್ಬಿದರೆ ಹೀಗೇ ಆಗುತ್ತದೆ. “ಕರೆಂಟ್ ಬ್ಯಾಡಂದ್ರ ಬ್ಯಾಡ” ಅಂತ ವೈನಿ ಮಾಮಾನ ಹಿತ್ತಲಿನಿಂದ ಕಲ್ಲಿನ ಒಳ್ಳು ಹೊರಿಸಿಕೊಂಡು ಬಂದರು. ಆಂಪಿಯರ್ ಉಳಿಯಿತು, ಕಿಲೊ ಏರಿತು. ಹುಡುಗ ಬಾಯಿ ತೆರೆದ, ಅಣ್ಣ ಕಣ್ಸನ್ನೆ ಮಾಡಿ ಮುಚ್ಚಿಸಿದ.

ರೊಟ್ಟಿಯದು ಬೇರೆ ಕಥೆ. ಜೋಳದ ರೊಟ್ಟಿಯನ್ನು ಬಡಿಯಬೇಕು. ಗಾಡಿ ಸ್ಪ್ರಿಂಗಿನ ಮೇಲೆ ನಿಂತಿದೆ. ಮೊದಲ ಬಡಿತಕ್ಕೆ ಕಪಾಟಿನ ಬಾಗಿಲು ತೆರೆದುಕೊಂಡಿತು, ಎರಡನೆಯದಕ್ಕೆ ಮಕ್ಕಳು ಎದ್ದರು, ಮೂರನೆಯದಕ್ಕೆ ಹೊರಗಿದ್ದವರು “ಗಾಡಿ ತಂತಾನೇ ಕುಣೀಲಿಕ್ಕತ್ತದ” ಅಂತ ಕೂಗಿದರು. ಮೂಲೆಗಳಿಗೆ ಜಾಕು ಇಳಿಸಿದ ಮೇಲೆಯೇ ಗಾಡಿ ಮನೆಯಾಯಿತು. ವೈನಿಗೆ ಮನೆಯ 14.2 ಕಿಲೊ ಸಿಲಿಂಡರ್ ತರುವ ಆಸೆಯಿತ್ತು. ಅದು ಗ್ಯಾಸಿನ ತೂಕ ಮಾತ್ರ, ಡಬ್ಬಿಯ ಕಬ್ಬಿಣ ಮತ್ತೆ ಹೆಚ್ಚುಕಡಿಮೆ ಅಷ್ಟೇ. ಸಣ್ಣದನ್ನು ನೆಟ್ಟಗೆ ನಿಲ್ಲಿಸಿ, ಬೆಲ್ಟಿನಿಂದ ಬಿಗಿದು, ಕೆಳಗೆ ಗಾಳಿಕಿಂಡಿ ಇರುವ ಗೂಡಿನಲ್ಲಿಡಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಚಕ್ರ ಉರುಳುವ ಮೊದಲು ವಾಲ್ವ್ ಬಂದ್.

ಸಂಡಾಸಿನ ಮಾತು ಎತ್ತಬಾರದು ಅಂತ ಸೊಸೆ ಹೇಳಿದ್ದಾಳೆ, ಆದರೆ ಬರೆಯದಿದ್ದರೆ ಓದುವವರಿಗೆ ಮೋಸ. ಒಲೆಗೂ ಅದಕ್ಕೂ ನಡುವೆ ಒಂದು ಹಲಗೆ ಅಷ್ಟೇ; ಅವ್ವ ಆ ಕಡೆ ಮುಖವನ್ನೂ ಹಾಕಲಿಲ್ಲ. ಕೆಳಗೊಂದು ಪೆಟ್ಟಿಗೆ, ತುಂಬಿದರೆ ಎಳೆದು ಖಾಲಿ ಮಾಡಬೇಕು. ಅಮೆರಿಕದಲ್ಲಿ ಅದಕ್ಕೆ ತಾಣಗಳಿವೆ. ಇಲ್ಲಿ ಬೀಗರ ಮನೆಯ ಸಂಡಾಸೇ ತಾಣ. ಅನಂತಪುರದ ಆಸೆಯಲ್ಲಿ ಬೀಗರನ್ನು ತಪ್ಪಿಸಿಕೊಳ್ಳುತ್ತಿದ್ದ ಹುಡುಗನಿಗೆ ಅಲ್ಲಿಂದ ಮುಂದೆ ಅವರ ಮೇಲೆ ಪ್ರೀತಿ ಬಂತು. ಕೂಲಿಯವನನ್ನು ಕರೆಯುತ್ತೇನೆ ಅಂದ ಮಾಮಾನಿಗೆ ಅವನು ಖಡಕ್ಕಾಗಿ ಬೇಡ ಅಂದ. ಇನ್ನೊಬ್ಬರ ಕೈಯಿಂದ ಮಲ ಎತ್ತಿಸುವುದು 2013ರ ಕಾಯ್ದೆಯಲ್ಲಿ ಅಪರಾಧ; ಕಾಯ್ದೆ ಇಲ್ಲದಿದ್ದರೂ ಅಸಹ್ಯ. ಕೈಗವಸು ಹಾಕಿಕೊಂಡು ತಾನೇ ಹೊತ್ತ. ಹಿತ್ತಲಿನ ಗುಂಡಿಯೊಳಗಿನ ಜೀವಾಣುಗಳನ್ನು ಕೊಲ್ಲದಂಥ ದ್ರವವನ್ನೇ ಪೆಟ್ಟಿಗೆಗೆ ಹಾಕಿದ್ದ. “ಡಲ್ಲಾಸ್‌ಗೆ ಹೋಗಿ ಇದನ್ನ ಕಲ್ತು ಬಂದಾನ” ಅಂತ ಓಣಿಯಲ್ಲಿ ಸುದ್ದಿ ಹರಡಿತು. ಅವ್ವ ಮಾತ್ರ, ಕಲಿತಿದ್ದು ಅದೊಂದೇ ಚಲೋ ವಿದ್ಯಾ ಅಂದಳು.

ಗದ್ವಾಲ ಮುಟ್ಟುವ ಮೊದಲು ಹುಡುಗ ಒಮ್ಮೆ ಹಟ ಹಿಡಿದ. ಬೀಗರಿಲ್ಲದ ಒಂದು ರಾತ್ರಿ, ನಕ್ಷತ್ರದ ಕೆಳಗೆ. ತೊಗರಿ ಹೊಲದ ಬದುವಿನಲ್ಲಿ ಗಾಡಿ ಇಳಿಸಿದ. ಅವ್ವನ ತಲೆ ಉತ್ತರಕ್ಕಾಗಬಾರದು ಅಂತ ದಿಕ್ಸೂಚಿ ಹಿಡಿದು ತಿರುಗಿಸಿದ. ತಲೆಯ ಕಡೆ ಎತ್ತರ ಇರಬೇಕು ಅಂತ ಮಟ್ಟ ನೋಡಿದ. ನೆಲ ಮಾತ್ರ ನೋಡಲಿಲ್ಲ. ಅದು ಎರಿ, ಕಪ್ಪು ಮಣ್ಣಿನ ನೆಲ; ಎರಡು ದಿನದ ಹಿಂದೆ ಮಳೆ ಬಿದ್ದ ಎರಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಬೆಣ್ಣೆ. ಹಿಂದಿನ ಜೋಡಿ ಟಯರು ಅಚ್ಚಿನವರೆಗೆ ಇಳಿದವು. ಆಕ್ಸಿಲರೇಟರ್ ಒತ್ತಿದಷ್ಟೂ ಆಳ. ಇಂಥಲ್ಲಿ ನೀರಿನ ಟಾಕಿ ಖಾಲಿ ಮಾಡಿ, ಜನರನ್ನು ಇಳಿಸಿ, ಟಯರಿನ ಗಾಳಿ ಸ್ವಲ್ಪ ಬಿಟ್ಟು, ಗೋಣಿಚೀಲವೋ ಹಲಗೆಯೋ ಕೊಟ್ಟು ಮೆಲ್ಲಗೆ ಎಳೆಸಬೇಕು. ಹಗ್ಗವನ್ನು ಬಂಪರಿಗೆ ಕಟ್ಟಬಾರದು, ಎಳೆಯುವ ಕೊಂಡಿ ಎಲ್ಲಿದೆ ಅಂತ ಹಗಲಲ್ಲೇ ನೋಡಿಟ್ಟುಕೊಂಡಿರಬೇಕು. ಎರಿ ಬಿಟ್ಟು ಮಸಾರಿಯ ಕೆಂಪು ನೆಲದಲ್ಲಿ ನಿಲ್ಲಿಸು ಅಂತ ನಮ್ಮ ಕಡೆ ಎತ್ತಿಗೂ ಗೊತ್ತು.

ಟ್ರ್ಯಾಕ್ಟರ್ ಬಂತು. ಅದರ ಮೇಲೆ ಕೂತವನು ದೀಪದ ಬೆಳಕಿನಲ್ಲಿ ವೈನಿಯ ಮುಖ ನೋಡಿದ. “ನೀವು ನಾರಾಯಣಪ್ಯಾಟಿಯವರಲ್ಲೇನ್ರಿ? ನಮ್ಮ ಗದ್ವಾಲದ ಅತ್ತಿ ಮದಿವ್ಯಾಗ ನೋಡಿದ್ದೆ.” ಹುಡುಗ ನಕ್ಷತ್ರ ನೋಡುತ್ತ ನಿಂತ. ಅರ್ಧ ಗಂಟೆಯಲ್ಲಿ ಗದ್ವಾಲದ ಬೀಗರಿಗೆ ಫೋನ್ ಹೋಗಿತ್ತು, ರಾತ್ರಿ ಹತ್ತಕ್ಕೆ ಅವರ ಬಾಗಿಲಲ್ಲಿ ಎಲೆ ಹಾಕಿತ್ತು.

ಗದ್ವಾಲದಲ್ಲಿ ಗಾಡಿಗೆ ಕರೆಂಟ್ ಸಿಕ್ಕಿತು, ಅರ್ಥಿಂಗ್ ಇರುವ ದಪ್ಪ ಪಿನ್ನಿನ ಸಾಕೆಟ್ಟಿನಿಂದಲೇ. ಕಿಟಕಿಯಲ್ಲಿ ತೂರಿಸಿದ ಸಣ್ಣ ವೈರಿನಿಂದ ಇಂಥ ಗಾಡಿಗೆ ಕರೆಂಟ್ ಕೊಟ್ಟರೆ ಮೊದಲು ಕರಗುವುದು ವೈರು. ವೈನಿಗೆ ಸೀರೆ ಸಿಕ್ಕವು. ಹತ್ತಿಯ ಒಡಲು, ರೇಷ್ಮೆಯ ಅಂಚು, ರೇಷ್ಮೆಯ ಸೆರಗು. ಮಡಚಿದರೆ ಬೆಂಕಿಪೆಟ್ಟಿಗೆಯೊಳಗೆ ಹಿಡಿಯುತ್ತದೆ ಅಂತ ಗದ್ವಾಲ ಸೀರೆಯ ಖ್ಯಾತಿ. ಆ ಖ್ಯಾತಿಯೇ ವಾದವಾಯಿತು: ಬೆಂಕಿಪೆಟ್ಟಿಗೆಯಷ್ಟು ಸಾಮಾನಿಗೆ ಧರಂಕಾಟಾ ಯಾಕೆ? ಬೀಗರು ಮೇಲೆ ಒಂದು ಚೀಲ ಶೇಂಗಾ ಕೊಟ್ಟರು. ಹುಡುಗ ಒಳ್ಳನ್ನು ಸದ್ದಿಲ್ಲದೆ ಅವರ ಹಿತ್ತಲಲ್ಲಿ ಇಳಿಸಿದ. ಹೊರಡುವಾಗ ಬೀಗರ ಮಗ ಅದನ್ನು ಹೊತ್ತು ತಂದು ಮತ್ತೆ ಗಾಡಿಗೆ ಹಾಕಿದ. ಮರೆತು ಹೋಗುತ್ತೀರಿ ಅಂತ ಕಾಳಜಿ.

ಎರ್ರವಲ್ಲಿ ಚೌರಸ್ತಾದಲ್ಲಿ ಸೊಸೆ ಬಲಕ್ಕೆ ಹೊರಳಿಸಿದಳು. ನಾಲ್ಕು ಸಾಲಿನ ಹೆದ್ದಾರಿ, ಅಡ್ಡ ಬರಲು ಒಬ್ಬ ನೆಂಟನಿಲ್ಲ. ಈಗಲಾದರೂ ಕನ್ಯಾಕುಮಾರಿ ಅಂತ ಹುಡುಗ ಕಾಲು ಚಾಚಿದ. ವೈನಿಯ ಫೋನ್ ಬಡಿಯಿತು. ಹೌದ್ರಿ, ಆತ್ರಿ, ಬರ್ತೇವ್ರಿ ಅಂದು ಇಟ್ಟರು.

“ಕರ್ನೂಲಾಗ ಗದ್ವಾಲದವರ ಬೀಗರು ಅದಾರಂತ. ಟೋಲ್ ಗೇಟಿನ ಹತ್ರ ನಿಂತಾರ. ಪುಂಡಿಪಲ್ಯ ಮಾಡ್ಯಾರಂತ.”

“ಗಾಡಿ ನಿಲ್ಸಾಕ ಜಾಗ ಅದ ಏನಂತ?” ಅಂದ ಅಣ್ಣ.

“ಮಸಾರಿ ನೆಲ ಅಂತ. ಕೇಳೇ ಇಟ್ಟೀನಿ.”