ಐವತ್ತಾರು ಡಾಲರಿನ ನೋಟ್ಸು

ಇಂಗ್ಲಿಷ್ ಮೇಷ್ಟ್ರುಗಳಲ್ಲಿ ನೋಟ್ಸ್ ಮೇಷ್ಟ್ರು ಎಂಬುದೊಂದು ಪಂಗಡ. ಯಾವ ಊರಿನ ಕಾಲೇಜಿಗೆ ಹೋದರೂ ಈ ಪಂಗಡದ ಒಬ್ಬರಾದರೂ ಸಿಗುತ್ತಾರೆ. ತುಂಬುತೋಳಿನ ಅಂಗಿ, ಜೇಬಿನಲ್ಲಿ ನೀಲಿಯದೊಂದು ಕೆಂಪಿನದೊಂದು ಪೆನ್ನು, ಬಗಲಲ್ಲಿ ಅಂಚು ಸವೆದ ನೋಟ್ಸು. ಸಿಲೆಬಸ್ ಬದಲಾಗುತ್ತದೆ, ನೋಟ್ಸು ಬದಲಾಗುವುದಿಲ್ಲ. ದುರಂತ ನಾಟಕಕ್ಕೆಂದು ಬರೆದ ‘ಲೇಖಕರ ಶೈಲಿ’ ಪ್ಯಾರಾ ಹಾಸ್ಯ ಲೇಖನಕ್ಕೂ ಧಾರಾಳವಾಗಿ ನಡೆಯುತ್ತದೆ. ನಾನು ಹೇಳಹೊರಟಿರುವ ಮೇಷ್ಟ್ರು ಕೀಟ್ಸ್‌ನನ್ನು ಎರಡೇ ಪೀರಿಯಡ್ಡಿನಲ್ಲಿ ಮುಗಿಸಿದವರು. ಅವರನ್ನು ಸತಾಯಿಸಿದವನು ಒಬ್ಬನೇ, ಕೆನಡಾದ ಸ್ಟೀಫನ್ ಲೀಕಾಕ್.

ಲೀಕಾಕನ ‘ಮೈ ಫೈನಾನ್ಶಿಯಲ್ ಕೆರಿಯರ್’ ನಾಲ್ಕೇ ಪುಟದ ಕಥೆ. ಬ್ಯಾಂಕ್ ಕಂಡರೆ ಕೈಕಾಲು ನಡುಗುವ ಒಬ್ಬ, ಸಂಬಳ ಐವತ್ತು ಡಾಲರಿಗೆ ಏರಿತೆಂದು ಖಾತೆ ತೆರೆಯಲು ಹೋಗುತ್ತಾನೆ. ಮ್ಯಾನೇಜರನ್ನು ಒಂಟಿಯಾಗಿ ಕಾಣಬೇಕು ಎನ್ನುತ್ತಾನೆ. ಮ್ಯಾನೇಜರು ಗಾಬರಿಯಾಗಿ ಖಾಸಗಿ ಕೋಣೆಗೆ ಕರೆದೊಯ್ದು ಬೀಗ ಹಾಕುತ್ತಾನೆ. ಮೊದಲು ಇವನನ್ನು ಪಿಂಕರ್ಟನ್ ಪತ್ತೇದಾರ ಅಂದುಕೊಳ್ಳುತ್ತಾನೆ, ಆಮೇಲೆ ಕೋಟ್ಯಧೀಶ ರಾಥ್ಸ್‌ಚೈಲ್ಡನ ಮಗನೇ ಬಂದನೆಂದು ತಿಳಿಯುತ್ತಾನೆ. ಕೊನೆಗೆ ಗೊತ್ತಾಗುವುದು, ಬಂದಿರುವುದು ಐವತ್ತಾರು ಡಾಲರು. ಆ ಕ್ಷಣಕ್ಕೇ ಮ್ಯಾನೇಜರನ ಮರ್ಯಾದೆ ಇಳಿದುಹೋಗುತ್ತದೆ. ನಮ್ಮವನು ಹೊರಬರುವ ಆತುರದಲ್ಲಿ ತಿಜೋರಿಯೊಳಕ್ಕೇ ನುಗ್ಗುತ್ತಾನೆ. ಕಟ್ಟಿದ ಹಣದಲ್ಲಿ ಆರು ಡಾಲರು ತೆಗೆಯಲು ಹೋಗಿ ಚೆಕ್ಕಿನಲ್ಲಿ ಐವತ್ತಾರು ಬರೆಯುತ್ತಾನೆ, ತಪ್ಪಾಯಿತೆನ್ನಲು ನಾಚಿ ಅಷ್ಟನ್ನೂ ಎತ್ತಿಕೊಂಡು ಓಡುತ್ತಾನೆ.

ಮೇಷ್ಟ್ರು ತರಗತಿಗೆ ಬಂದರು, ಹಾಜರಿ ಕರೆದರು. “ಇಲ್ಲಿ ಹಾಸ್ಯವಿದೆ, ಬರೆದುಕೊಳ್ಳಿ. ಹಾಸ್ಯಕ್ಕೆ ಮೂರು ಕಾರಣ. ಒಂದು...” ಹಿಂದಿನ ಬೆಂಚಿನ ಹುಡುಗನೊಬ್ಬ ತಾನೇ ಓದಿಕೊಂಡು ಕಿಸಕ್ಕನೆ ನಕ್ಕ. ಅವನನ್ನು ಎಬ್ಬಿಸಿ ನಿಲ್ಲಿಸಿದರು. ನಗುವ ಜಾಗ ಇನ್ನೂ ಬಂದಿರಲಿಲ್ಲ.

ಲೇಖಕರ ಪರಿಚಯವೂ ಆಯಿತು. ಜನನ 1869, ಮರಣ 1944. ಈ ಲೀಕಾಕ್ ಮಾಂಟ್ರಿಯಲ್ಲಿನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಅರ್ಥಶಾಸ್ತ್ರ ಹೇಳಿಕೊಟ್ಟವನು, ಈ ಕಥೆಯಿರುವ ಪುಸ್ತಕವನ್ನು 1910ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದವನು ಎಂಬುದು ನೋಟ್ಸಿನಲ್ಲಿರಲಿಲ್ಲ. ಹಣದ ಶಾಸ್ತ್ರ ಬಲ್ಲ ಪ್ರೊಫೆಸರೇ ಕೌಂಟರಿನ ಮುಂದೆ ಬೆವರುವವನ ಕಥೆ ಬರೆದ ಎಂದಿದ್ದರೆ ಮಕ್ಕಳು ನೋಟ್ಸಿಲ್ಲದೆಯೇ ನಗುತ್ತಿದ್ದರು. ಆದರೆ ಅದಕ್ಕೆ ಮಾರ್ಕ್ಸ್ ಇಲ್ಲವಲ್ಲ.

ಮೇಷ್ಟ್ರ ದುರದೃಷ್ಟ ಬೇರೆಯೇ ಇತ್ತು. ಅವರು ಘಟ್ಟದ ಮೇಲಿನವರು, ವರ್ಗವಾಗಿ ಬಂದು ಬಿದ್ದದ್ದು ಉಡುಪಿಯ ಕಡೆಗೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ, ಇಷ್ಟೂ ಬ್ಯಾಂಕು ಹುಟ್ಟಿದ ಸೀಮೆ ಅದು. ಅಲ್ಲಿ ಮನೆಗೊಬ್ಬ ಕ್ಯಾಶಿಯರು, ಬೀದಿಗೊಬ್ಬ ನಿವೃತ್ತ ಮ್ಯಾನೇಜರು. ಬ್ಯಾಂಕಿಗೆ ಹೆದರುವುದೆಂದರೆ ಆ ಮಕ್ಕಳಿಗೆ ಅಜ್ಜಿಮನೆಗೆ ಹೆದರಿದ ಹಾಗೆ. ಅವರ ಸಂಶಯಗಳೆಲ್ಲ ಕಾನೂನಿನವು.

“ಸಾರ್, ಇಂಟ್ರಡಕ್ಷನ್ ಯಾರು ಹಾಕಿದ್ದು?”

“ಸಾರ್, ಮಿನಿಮಮ್ ಬ್ಯಾಲೆನ್ಸ್ ಇಡದೆ ಅಷ್ಟೂ ಹೇಗೆ ಕೊಟ್ಟರು?”

“ತಿಜೋರಿ ತೆರೆದಿಟ್ಟು ಕಸ್ಟಮರನ್ನು ಒಳಗೆ ಬಿಟ್ಟ ಮ್ಯಾನೇಜರಿಗೆ ಸಸ್ಪೆನ್ಷನ್ ಇಲ್ವಾ ಸಾರ್?”

“ಅದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೊಳ್ಳಿ” ಎಂದರು ಮೇಷ್ಟ್ರು. ಪಾಪ, ಅವರ ಶಸ್ತ್ರಾಗಾರದಲ್ಲಿದ್ದದ್ದು ಅದೊಂದೇ ಅಸ್ತ್ರ.

ಆಗ ಎದ್ದವಳು ಪಿಗ್ಮಿ ಏಜೆಂಟರ ಮಗಳು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ವಸೂಲು ಮಾಡುತ್ತಿದ್ದರು. ಇವಳ ಅಪ್ಪ ಇಂದಿಗೂ ಮೀನು ಮಾರುವವರಿಂದ, ಹೂ ಕಟ್ಟುವವರಿಂದ ಹತ್ತಿಪ್ಪತ್ತು ರೂಪಾಯಿ ಎತ್ತಲು ಮಳೆಯಲ್ಲಿ ಕೊಡೆ ಹಿಡಿದು ಸುತ್ತುತ್ತಾರೆ. “ಐವತ್ತಾರು ಡಾಲರು ಹಿಡಿದು ತಾನಾಗಿ ಬಂದವನನ್ನು ಆ ಮ್ಯಾನೇಜರು ಕಳಕೊಂಡದ್ದು ಸರಿಯಾ ಸಾರ್? ನನ್ನಪ್ಪ ಆಗಿದ್ದರೆ ಚಾ ಕುಡಿಸಿ ಕೂರಿಸುತ್ತಿದ್ದರು.”

ಮೇಷ್ಟ್ರು ನೋಟ್ಸು ತಿರುವಿದರು. ಅದರಲ್ಲಿ ತಪ್ಪು ತಿಳಿದವನು, ಪೆದ್ದ, ನಗೆಪಾಟಲಾದವನು ಎಲ್ಲ ಖಾತೆದಾರನೇ. ಮ್ಯಾನೇಜರನ ಲೆಕ್ಕಾಚಾರದ ಬಗ್ಗೆ ಅರ್ಧ ಸಾಲೂ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ನೋಟ್ಸ್ ಮೇಷ್ಟ್ರನ್ನು ಗಂಟೆ ಎಂದೂ ಕೈಬಿಟ್ಟದ್ದಿಲ್ಲ.

ಪರೀಕ್ಷೆಯಲ್ಲಿ ಐದು ಅಂಕಕ್ಕೆ ಮ್ಯಾನೇಜರನ ಪಾತ್ರಚಿತ್ರಣ ಬಂತು. ತರಗತಿಯೆಲ್ಲ ‘ಗಂಭೀರ, ಕರ್ತವ್ಯನಿಷ್ಠ’ ಎಂದು ಬರೆದು ನಾಲ್ಕು ನಾಲ್ಕು ಗಿಟ್ಟಿಸಿತು. ಪಿಗ್ಮಿ ಏಜೆಂಟರ ಮಗಳು, ಮನುಷ್ಯನನ್ನು ಮೊತ್ತದಿಂದ ಅಳೆಯುವ ಈತನಿಗೆ ಬ್ರಾಂಚ್ ಕೊಡಬಾರದು ಎಂದು ಎರಡು ಪುಟ ಬರೆದಳು. ಮೇಷ್ಟ್ರು ಪೂರ್ತಿ ಓದಿದರು, ಕೆಂಪು ಪೆನ್ನಿನಲ್ಲಿ ‘ಸರಿಯಾಗಿದೆ, ನೋಟ್ಸಿನಲ್ಲಿಲ್ಲ’ ಎಂದು ಷರಾ ಬರೆದು ಎರಡು ಅಂಕ ಕೊಟ್ಟರು.