ಪೆಟ್ಟಿಗೆ ಯಾರು ತರುತ್ತಾರೆ ಸ್ವಾಮಿ?

ಕಾಲೇಜು ಪ್ರಾಂಶುಪಾಲರಿಗೆ ಸಾಮಾಜಿಕ ನ್ಯಾಯ ಮತ್ತು ಸಮತೆಯ ನಾಯಕತ್ವ ತರಬೇತಿ ಕೊಡಿಸುವ ಮಾನ್ಯರೇ,

ಇಂಥ ಶಿಬಿರಗಳಲ್ಲಿ ಒಂದು ಚಿತ್ರ ಬಾರದೆ ಇರುವುದು ಅಪರೂಪ. ಬೇಲಿಯಾಚೆ ಆಟ ನಡೆದಿದೆ, ಈಚೆ ಮೂವರು ನಿಂತಿದ್ದಾರೆ. ಮೂವರಿಗೂ ಒಂದೊಂದು ಪೆಟ್ಟಿಗೆ ಕೊಟ್ಟರೆ ಸಮಾನತೆ. ಉದ್ದನೆಯವನ ಪೆಟ್ಟಿಗೆಯನ್ನೂ ಕುಳ್ಳನ ಕಾಲಡಿಗೆ ತಳ್ಳಿದರೆ ಸಮತೆ. ಅಮೆರಿಕದ ಪ್ರಾಧ್ಯಾಪಕ ಕ್ರೇಗ್ ಫ್ರೋಲೆ 2012ರಲ್ಲಿ ಮಾಡಿದ ಚಿತ್ರವಿದು. ಅದೇ 2012ರಲ್ಲಿ ಯುಜಿಸಿ ಕೂಡ ಸಮತೆಯ ನಿಯಮಾವಳಿ ಹೊರಡಿಸಿ, ಸಮಾನ ಅವಕಾಶ ಕೋಶ ಇರಲಿ, ತಾರತಮ್ಯ ತಡೆಯುವ ಅಧಿಕಾರಿ ಇರಲಿ ಎಂದಿತು. 2026ರ ಹೊಸ ನಿಯಮಾವಳಿಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗ, ಆ ಹಳೆಯದೇ ಮುಂದುವರಿಯಲಿ ಎಂದಿತು. ಚಿತ್ರವೇನೋ ಸಾಗರ ದಾಟಿ ಪಿಪಿಟಿಯೊಳಗೆ ಬಂದು ಕೂತಿತು. ದೆಹಲಿಯಿಂದ ಹೊರಟ ನಿಯಮ ಎಷ್ಟೋ ಕಾಲೇಜುಗಳ ಗೇಟಿನ ಬಳಿಯೇ ನಿಂತಿದೆ. ತರಬೇತಿ ಬೇಡ ಎನ್ನುತ್ತಿಲ್ಲ. ಆ ಪೆಟ್ಟಿಗೆಗೆ ಇಂಡೆಂಟ್ ಹಾಕಿದವರು ಯಾರು, ಬಿಲ್ ಯಾವ ಲೆಕ್ಕಶೀರ್ಷಿಕೆಯಲ್ಲಿ ಪಾಸಾಗುತ್ತದೆ ಎಂದಷ್ಟೇ ಕೇಳುತ್ತಿದ್ದೇನೆ.

ಪೆಟ್ಟಿಗೆಯ ಅಳತೆಯನ್ನೂ ಹೇಳಿಬಿಡುತ್ತೇನೆ. ಮನೆಯಿಂದ ಓಡಾಡಿ ಬಿ.ಎ. ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ 2021ರ ಕೇಂದ್ರ ಮಾರ್ಗಸೂಚಿ ಗೊತ್ತುಮಾಡಿದ ಶೈಕ್ಷಣಿಕ ಭತ್ಯೆ ವರ್ಷಕ್ಕೆ 3,000 ರೂಪಾಯಿ. ತಿಂಗಳಿಗೆ 250. ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಇದನ್ನು ಪಡೆಯಲು ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷ ಮೀರಿರಬಾರದು. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದಿರುವ ಇನಿಷಿಯಲ್ ಆಧಾರ್‌ನಲ್ಲಿ ಮುಂದಕ್ಕೆ ಹೋಗಿರಬಾರದು. ಕೊನೆಗೆ ದಾಖಲೆಗಳಿಗೆ ಇ-ಅಟೆಸ್ಟೇಷನ್ ಆಗಬೇಕು. ಇಷ್ಟೆಲ್ಲ ಆದ ಮೇಲೂ ರಾಜ್ಯ ತನ್ನ ಶೇ 40 ಹಾಕಿದ ನಂತರವೇ ಕೇಂದ್ರದ ಶೇ 60 ಬರುವುದು. ಎಂಟು ರೂಪಾಯಿಯ ಪೆಟ್ಟಿಗೆಗೆ ಎಷ್ಟು ಬೀಗ ನೋಡಿ. ಇದರಲ್ಲಿ ಒಂದು ಬೀಗದ ಕೈ, ಅಂದರೆ ಅಟೆಸ್ಟೇಷನ್, ಕಾಲೇಜಿನ ಒಳಗೇ ಇದೆ. ಅದನ್ನು ಹೇಗೆ ತಿರುಗಿಸಬೇಕೆಂದು ತರಬೇತಿಯ ಯಾವ ಅವಧಿಯಲ್ಲಿ ಕಲಿಸುತ್ತೀರಿ?

ಪ್ರಾಂಶುಪಾಲರ ಕೈಯಲ್ಲಿ ಏನಿದೆ, ಹಣ ತಡವಾಗುವುದು ಖಜಾನೆಯಿಂದ, ಸರ್ವರ್‌ನಿಂದ ಎಂದು ನೀವು ಹೇಳಬಹುದು. ನಿಜ, ಹಣ ಅವರ ಕೈಯಲ್ಲಿಲ್ಲ. ಹಾಲ್ ಟಿಕೆಟ್ ಮಾತ್ರ ಅವರ ಕೈಯಲ್ಲೇ ಇದೆ! ವಿದ್ಯಾರ್ಥಿವೇತನ ಬಂದಿಲ್ಲ, ಆದ್ದರಿಂದ ಶುಲ್ಕ ಬಾಕಿ, ಆದ್ದರಿಂದ ಹಾಲ್ ಟಿಕೆಟ್ ಇಲ್ಲ ಎಂಬ ತರ್ಕಕ್ಕೆ ಯಾವ ನಾಯಕತ್ವವೂ ಬೇಕಿಲ್ಲ, ಒಂದು ಡ್ರಾಯರ್ ಸಾಕು. ಮುಂಗಡ ಶುಲ್ಕ ಕಟ್ಟಲಾಗದವರು ಹಣವಿಲ್ಲದೆ ಸೇರಲಿ ಎಂದೇ ಅದೇ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡಿನ ವ್ಯವಸ್ಥೆ ಇದೆ. ಸರ್ಕಾರ ತಾನೇ ಕೊಡಬೇಕಾದ ಹಣವನ್ನು ತಡ ಮಾಡಿ, ಆ ತಡಕ್ಕೆ ಕೂಲಿಯವರ ಮಗಳ ಪರೀಕ್ಷೆಯನ್ನು ಒತ್ತೆ ಹಿಡಿಯುವುದಕ್ಕೆ ಅನ್ಯಾಯ ಎನ್ನದೆ ಇನ್ನೇನೆನ್ನಬೇಕು? ಆಗ ಅವಳು ಸಾಲ ಮಾಡಿ ಕಟ್ಟುತ್ತಾಳೆ, ಇಲ್ಲವೇ ಕಾಲೇಜು ಬಿಡುತ್ತಾಳೆ. ಬಿಟ್ಟವರ ಲೆಕ್ಕ ನಿಮ್ಮ ಶಿಬಿರದಲ್ಲಿ ‘ಡ್ರಾಪ್‌ಔಟ್’ ಎಂಬ ಸ್ಲೈಡ್ ಆಗಿ ಬರುತ್ತದೆ, ಅದಕ್ಕೆ ಕಾರಣವಾಗಿ ಬಾಲ್ಯವಿವಾಹ, ಪೋಷಕರ ನಿರಾಸಕ್ತಿ. ಡ್ರಾಯರ್‌ನ ಸುದ್ದಿ ಇಲ್ಲ.

ತಾರತಮ್ಯ ಇರುವುದು ಮನಸ್ಸಿನಲ್ಲಿ, ಹಣದಲ್ಲಲ್ಲ, ತರಬೇತಿ ಮನಸ್ಸಿಗೆ ಎನ್ನುವ ವಾದವೂ ಇದೆ. ಅರ್ಧ ಒಪ್ಪುತ್ತೇನೆ. ದೆಹಲಿಯ ಏಮ್ಸ್ ಕುರಿತ ಥೋರಟ್ ಸಮಿತಿ 2007ರಲ್ಲೇ ತೋರಿಸಿತ್ತು: ಅಷ್ಟು ದೊಡ್ಡ ಸಂಸ್ಥೆಯ ಹಾಸ್ಟೆಲಿನಲ್ಲಿ, ಮೌಲ್ಯಮಾಪನದಲ್ಲಿ ಜಾತಿ ಆರಾಮವಾಗಿ ಕೂತಿತ್ತು. ಆದರೆ ಮನಸ್ಸನ್ನು ಸ್ಲೈಡಿನಲ್ಲಿ ತೊಳೆಯಲಾಗದು, ನಡತೆಯನ್ನು ತಪಾಸಣೆ ಮಾಡಬಹುದು. 2012ರ ನಿಯಮಾವಳಿ ಜಾಣತನದಿಂದ ನಡತೆಯನ್ನೇ ಹಿಡಿದಿದೆ: ತರಗತಿಯಲ್ಲಿ ಜಾತಿಯ ಹೆಸರು ಹೇಳುವುದು, ಮೀಸಲಾತಿಯವರೆಂದು ಗುರುತು ಹಚ್ಚುವುದು, ಪ್ರಯೋಗಾಲಯದಲ್ಲಿ ಕೆಲಸ ಕೊಡದೆ ಕೂರಿಸುವುದು, ಎಲ್ಲವೂ ತಾರತಮ್ಯ. ಇಷ್ಟಾದರೂ ಅರ್ಜಿಯ ಕೊನೆಯ ದಿನ ಬಂತೆಂದರೆ ‘ಎಸ್‌ಸಿ, ಎಸ್‌ಟಿಯವರೆಲ್ಲ ಎದ್ದು ಆಫೀಸಿಗೆ ಹೋಗಿ’ ಎಂಬ ಕೂಗು ನಿಂತಿಲ್ಲ. ಪೆಟ್ಟಿಗೆ ಕೊಡುವ ಮೊದಲು ಕುಳ್ಳರು ಯಾರು, ಕೈ ಎತ್ತಿ ಎಂದು ಮೈದಾನಕ್ಕೆಲ್ಲ ಕೇಳುವಂತೆ ಸಾರುವ ಪದ್ಧತಿ ನಮ್ಮದು. ಒಂದೇ ಕೂಗಿನಲ್ಲಿ ಮನಸ್ಸೂ ಹಣವೂ ಸೇರಿಕೊಂಡಿರುವಾಗ ಅವೆರಡನ್ನು ಬೇರೆ ಬೇರೆ ಕೋರ್ಸ್ ಮಾಡುವುದು ಹೇಗೆ?

ಅತಿಥಿ ಉಪನ್ಯಾಸಕರ ಸಂಬಳ, ಖಾಯಂ ಪ್ರಾಂಶುಪಾಲರಿಲ್ಲದ ಕುರ್ಚಿಗಳು, ಎಲ್ಲ ಬರೆಯಬೇಕೆಂದಿದ್ದೆ. ಆ ಹಾಲ್ ಟಿಕೆಟ್ ಬಿಡಲಿಲ್ಲ.

ಒಂದು ಬೇಡಿಕೆ. ಮುಂದಿನ ಶಿಬಿರವನ್ನು ಹೋಟೆಲಿನ ಸಭಾಂಗಣದಲ್ಲಿ ಬೇಡ, ವಿದ್ಯಾರ್ಥಿವೇತನ ಅರ್ಜಿಯ ಕೊನೆಯ ವಾರದಲ್ಲಿ ಯಾವುದಾದರೂ ತಾಲ್ಲೂಕು ಕಾಲೇಜಿನ ಆಫೀಸ್ ಕೌಂಟರಿನಲ್ಲಿ ಇಟ್ಟುಕೊಳ್ಳಿ. ನೀವು ಒಳಗೆ ಕೂರುವುದು ಬೇಡ, ಹೊರಗೆ ಸಾಲಿನಲ್ಲಿ ನಿಲ್ಲಿ. ಮೊದಲ ದಿನದ ವಿಷಯ: ಬಾಕಿ ಉಳಿದ ಇ-ಅಟೆಸ್ಟೇಷನ್. ಎರಡನೇ ದಿನ: ಹಿಡಿದಿಟ್ಟ ಹಾಲ್ ಟಿಕೆಟ್. ಮೂರನೇ ದಿನ ಕೇಸ್ ವರ್ಕರ್ ರಜೆ ಹಾಕಿರುತ್ತಾರೆ. ನಾಲ್ಕನೇ ದಿನ ಬನ್ನಿ.

ಇಂತಿ,
ಸರ್ಟಿಫಿಕೇಟ್ ಬೇಡದ ಒಬ್ಬ ತೆರಿಗೆದಾರ